ಕಾರಿನ ಎಸಿಯಿಂದ ಬರುವ ಮುಗ್ಗಲು ವಾಸನೆಗೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಐದು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಮನೆ ಬ್ರಹ್ಮಾವರದ ಹತ್ತಿರ. ಕಾರು ವಾರವಿಡೀ ಪೋರ್ಟಿಕೊದಲ್ಲಿ ನಿಂತಿದ್ದು ಭಾನುವಾರ ಮಾತ್ರ ಹೊರಗೆ ಹೋಗುತ್ತದೆ. ಮಳೆಗಾಲ ಹಿಡಿದ ಮೇಲೆ ಎಸಿ ಹಾಕಿದ ಕೂಡಲೇ ಒದ್ದೆ ಕಾಲುಚೀಲದಂಥ ಮುಗ್ಗಲು ವಾಸನೆ ಬರುತ್ತದೆ. ಒಂದೆರಡು ನಿಮಿಷದಲ್ಲಿ ಕಡಿಮೆಯಾಗುತ್ತದೆ. ಎಲ್ಲಿಯಾದರೂ ನಿಂತಾಗ ಮತ್ತೆ ಬರುತ್ತದೆ. ಗ್ಯಾರೇಜಿನವರು ಗ್ಯಾಸ್ ಕಡಿಮೆಯಿದೆ ಎಂದು ತುಂಬಿಸಿದರು, ಪ್ರಯೋಜನವಾಗಲಿಲ್ಲ. ಈಗ ಡ್ಯಾಶ್‌ಬೋರ್ಡ್ ಬಿಚ್ಚಿ ಕೂಲಿಂಗ್ ಕಾಯಿಲ್ ಹೊರಗೆ ತೆಗೆದು ತೊಳೆಯಬೇಕು ಎನ್ನುತ್ತಿದ್ದಾರೆ. ಇಳಿಯುವ ಐದು ನಿಮಿಷ ಮೊದಲು ಎಸಿ ನಿಲ್ಲಿಸಿ ಬರೀ ಫ್ಯಾನ್ ಓಡಿಸಬೇಕೆಂದು ಯಾರೋ ಹೇಳಿದರು. ಹಾಗೆ ಮಾಡಿದರೆ ಗಾಜೆಲ್ಲ ಮಂಜಾಗುತ್ತದೆಯೇ ಹೊರತು ವಾಸನೆ ಹೋಗುವುದಿಲ್ಲ. ಮಗಳಿಗೆ ಕಾರು ಹತ್ತಿದ ಕೂಡಲೇ ಸೀನು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಮಾತು ಗಾಜು ಮಂಜಾಯಿತು ಎಂಬುದು. ವಾಸನೆಯ ಮೂಲವೂ ಅದಕ್ಕೆ ಬೇಕಾದ ಪರಿಹಾರವೂ ಆ ಒಂದು ಮಾತಿನಲ್ಲಿಯೇ ಇದೆ. ಅದಕ್ಕೆ ಬರುವ ಮುನ್ನ ಡ್ಯಾಶ್‌ಬೋರ್ಡ್ ಬಿಚ್ಚಲು ಸದ್ಯಕ್ಕೆ ಒಪ್ಪಿಗೆ ಕೊಡಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಹತ್ತರಲ್ಲಿ ಎಂಟೊಂಬತ್ತು ಕಾರುಗಳಿಗೆ ಅದು ಬೇಕಾಗುವುದಿಲ್ಲ ಎಂಬುದು ನನ್ನ ಅನುಭವ.

ಡ್ಯಾಶ್‌ಬೋರ್ಡಿನ ಒಳಗೆ, ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಮತ್ತು ನಡುವಿನ ಕನ್ಸೋಲ್‌ಗಳ ಹಿಂದೆ, ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಕೂಲಿಂಗ್ ಕಾಯಿಲ್ ಕುಳಿತಿರುತ್ತದೆ. ತೆಳ್ಳನೆಯ ಅಲ್ಯೂಮಿನಿಯಂ ರೆಕ್ಕೆಗಳನ್ನು ಒತ್ತೊತ್ತಾಗಿ ಜೋಡಿಸಿದ, ದಪ್ಪ ಪುಸ್ತಕದಷ್ಟು ಗಾತ್ರದ ವಸ್ತು ಅದು. ಎಸಿ ಓಡುವಾಗ ಅದರ ಮೈ ಹಿಮಗಟ್ಟುವ ಮಟ್ಟಕ್ಕಿಂತ ಕೆಲವೇ ಡಿಗ್ರಿ ಮೇಲಿರುತ್ತದೆ. ಮೂವತ್ತು ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 5 ಡಿಗ್ರಿಗೆ ಇಳಿದರೆ ಅದರಲ್ಲಿ ಉಳಿಯುವುದು 7 ಗ್ರಾಮಿಗಿಂತ ಕಡಿಮೆ. ಉಳಿದದ್ದೆಲ್ಲ, ಫ್ರಿಜ್ಜಿನಿಂದ ತೆಗೆದಿಟ್ಟ ಮಜ್ಜಿಗೆ ಚೊಂಬಿನ ಹೊರಮೈ ಬೆವರುವಂತೆ, ಕಾಯಿಲಿನ ರೆಕ್ಕೆಗಳ ಮೇಲೆ ಹನಿಗಟ್ಟುತ್ತದೆ. ಕರಾವಳಿಯ ಮಳೆಗಾಲದಲ್ಲಿ ಗಂಟೆಗೆ ಒಂದು ಲೀಟರಿಗೂ ಮಿಕ್ಕಿ ನೀರು ಹೀಗೆ ಇಳಿಯುವುದುಂಟು. ಅದು ಪೆಟ್ಟಿಗೆಯ ತಳಕ್ಕೆ ಸೇರಿ, ಒಂದು ಸಣ್ಣ ರಬ್ಬರ್ ಪೈಪಿನ ಮೂಲಕ ಕಾರಿನ ಅಡಿಗೆ ಸುರಿದುಹೋಗುತ್ತದೆ.

ಓಡುವಾಗ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ನೀವು ಕೀಲಿ ತೆಗೆದ ಮೇಲೆ. ರೆಕ್ಕೆಗಳ ಸಂದಿನಲ್ಲಿ ಅಂಟಿಕೊಂಡ ನೀರು ಪೂರ್ತಿ ಇಳಿದುಹೋಗುವುದಿಲ್ಲ. ಬಿಸಿ ಎಂಜಿನ್ನಿನ ಪಕ್ಕದಲ್ಲಿರುವ ಆ ಕತ್ತಲೆಯ ಪೆಟ್ಟಿಗೆ ನಿಧಾನವಾಗಿ ಬೆಚ್ಚಗಾಗುತ್ತದೆ. ಒಳಗೆ ತೇವವಿದೆ, ಧೂಳಿದೆ, ಹೂವಿನ ಪರಾಗವಿದೆ, ನಮ್ಮ ಬಟ್ಟೆಯ ಎಳೆಯಿದೆ. ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಇದಕ್ಕಿಂತ ಒಳ್ಳೆಯ ತಾಣ ಬೇಕಿಲ್ಲ. ಅವು ರೆಕ್ಕೆಗಳ ಮೇಲೆ ತೆಳುವಾದ ಲೋಳೆಯ ಪದರವೊಂದನ್ನು ಕಟ್ಟಿಕೊಳ್ಳುತ್ತವೆ. ವಾಸನೆ ಬರುವುದು ಆ ಪದರದಿಂದ, ಅದೂ ಮುಖ್ಯವಾಗಿ ಪದರವು ತೇವದಿಂದ ಒಣಗುವಾಗ, ಇಲ್ಲವೇ ಒಣಗಿದ್ದು ಮತ್ತೆ ತೇವವಾಗುವಾಗ. ಎಸಿ ಹಾಕಿದ ಮೊದಲ ನಿಮಿಷದಲ್ಲಿ ಬಂದ ವಾಸನೆ ಕಾಯಿಲ್ ಪೂರ್ತಿ ತಣಿದು ನೀರಿನಿಂದ ಮುಚ್ಚಿಕೊಂಡಾಗ ಅಡಗುವುದಕ್ಕೂ, ಕಾರು ನಿಂತು, ಎಸಿಯ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಆಗಾಗ ಕಟ್ ಆದಾಗ ಕಾಯಿಲ್ ಬಿಸಿಯೇರಿ ವಾಸನೆ ಮತ್ತೆ ಏಳುವುದಕ್ಕೂ ಇದೇ ಕಾರಣ. ನೀವು ಬರೆದ ಲಕ್ಷಣ ಇದಕ್ಕೆ ಅಕ್ಷರಶಃ ಹೊಂದುತ್ತದೆ.

ಗ್ಯಾಸಿನ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಎಸಿಯ ಗ್ಯಾಸ್ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತದೆ, ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಾರಿನ ಎಸಿಗೆ ತುಂಬುವ ಆರ್-134ಎ ಎಂಬ ಗ್ಯಾಸಿಗೆ ನಮ್ಮ ಮೂಗಿಗೆ ತಿಳಿಯುವಂಥ ವಾಸನೆಯೂ ಇಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲಿಯೋ ಸೋರುತ್ತಿದೆ ಎಂದರ್ಥ. ಸೋರುವ ಜಾಗ ಹುಡುಕದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಕಾರು ಚೆನ್ನಾಗಿ ತಣ್ಣಗಾಗುತ್ತಿದ್ದರೆ ಗ್ಯಾಸಿನ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಕೆಲಸಕ್ಕೆ ಇಳಿಯುವ ಮೊದಲು ವಾಸನೆ ನಿಜವಾಗಿ ಕಾಯಿಲಿನದೇ ಎಂದು ಖಚಿತಪಡಿಸಿಕೊಳ್ಳಿ. ಮುಂದಿನ ಎಡ ಸೀಟಿನ ಮುಂದೆ ಮೊಣಕಾಲೂರಿ, ರಬ್ಬರ್ ಮ್ಯಾಟನ್ನು ತೆಗೆದು, ಅದರ ಕೆಳಗಿನ ಕಾರ್ಪೆಟ್ಟಿನ ಮೇಲೆ ಹಳೆಯ ಪತ್ರಿಕೆಯೊಂದನ್ನು ಮಡಚಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಕೈಗೆ ಒಣಗಿದಂತೆ ತೋರುವ ಕಾರ್ಪೆಟ್ಟು ಕೂಡ ಎಷ್ಟೋ ಸಲ ಪತ್ರಿಕೆಯ ಮೇಲೆ ಅಂಗೈಯಗಲದ ಒದ್ದೆ ಗುರುತು ಮೂಡಿಸುತ್ತದೆ. ಅದರ ಅಡಿಯಲ್ಲಿರುವ ಫೋಮ್ ನೀರನ್ನು ವಾರಗಟ್ಟಲೆ ಹಿಡಿದಿಟ್ಟುಕೊಂಡಿರುತ್ತದೆ. ಹಾಗೆ ಗುರುತು ಮೂಡಿದರೆ ಎರಡು ಸಾಧ್ಯತೆಗಳಿವೆ. ಕಾಯಿಲಿನ ನೀರು ಹೊರಹೋಗುವ ಪೈಪು ಕಟ್ಟಿಕೊಂಡು ನೀರು ಒಳಗೆ ಉಕ್ಕುತ್ತಿರಬಹುದು, ಅಥವಾ ವೈಪರುಗಳ ಬುಡದಲ್ಲಿರುವ ಜಾಲರಿಯ ಕೆಳಗೆ ಎಲೆ ಕೊಳೆತು ಮಳೆನೀರು ಒಳನುಗ್ಗುತ್ತಿರಬಹುದು. ಮೊದಲನೆಯದನ್ನು ಪರೀಕ್ಷಿಸುವುದು ಸುಲಭ. ಒಣ ನೆಲದ ಮೇಲೆ ಕಾರು ನಿಲ್ಲಿಸಿ ಹದಿನೈದು ನಿಮಿಷ ಎಸಿ ಓಡಿಸಿದರೆ ಅಡಿಯಲ್ಲಿ ನೀರು ತೊಟ್ಟಿಕ್ಕಿ ಸಣ್ಣ ಮಡು ನಿಲ್ಲಬೇಕು. ನಿಮ್ಮೂರಿನ ಹವೆಯಲ್ಲಿ ನಿಲ್ಲದೇ ಇದ್ದರೆ ಪೈಪು ಕಟ್ಟಿದೆ ಎಂದೇ ತಿಳಿಯಿರಿ. ಕೆಸರು ಸಾಮಾನ್ಯ ಕಾರಣ. ಆದರೆ ವಾರಗಟ್ಟಲೆ ನಿಂತ ಕಾರುಗಳ ಪೈಪಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ಮನೆ ಮಾಡಿಕೊಂಡಿದ್ದನ್ನೂ ನಾನು ಕಂಡಿದ್ದೇನೆ. ಪಂಕ್ಚರ್ ಅಂಗಡಿಯ ಗಾಳಿಯನ್ನು ಕೆಳಗಿನಿಂದ ಮೆಲ್ಲಗೆ ಊದಿಸಿದರೆ ಸಾಕು. ಕಬ್ಬಿಣದ ತಂತಿಯಿಂದ ಜೋರಾಗಿ ಚುಚ್ಚುವುದು ಬೇಡ, ಆ ತುದಿ ಎಲ್ಲಿಗೆ ತಾಗುತ್ತದೆ ಎಂಬುದು ಚುಚ್ಚುವವರಿಗೆ ಕಾಣುವುದಿಲ್ಲ.

ಕೆಲವು ವಾಸನೆಗಳು ಈ ಲೆಕ್ಕದವಲ್ಲ. ಬೆಲ್ಲದ ಪಾಕದಂಥ ಸಿಹಿ ವಾಸನೆ ಬಂದು ಮುಂದಿನ ಗಾಜಿನ ಒಳಮೈ ಜಿಡ್ಡಾಗುತ್ತಿದ್ದರೆ ಹೀಟರಿನಿಂದ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಸೋರುತ್ತಿದೆ; ಅದು ವಿಷ, ತಡಮಾಡದೆ ತೋರಿಸಿ. ಪೆಟ್ರೋಲಿನ ಅಥವಾ ವಯರು ಸುಟ್ಟ ವಾಸನೆ ಬಂದರೆ ಕಾರನ್ನು ಓಡಿಸಲೇಬೇಡಿ. ಹೆಣದ ವಾಸನೆಯಾದರೆ ಬ್ಲೋವರಿನಲ್ಲಿ, ಅಂದರೆ ಗಾಳಿ ಊದುವ ಫ್ಯಾನಿನಲ್ಲಿ, ಇಲಿ ಸತ್ತಿರುತ್ತದೆ, ಅದಕ್ಕೆ ಬೇರೆ ಔಷಧವಿಲ್ಲ, ಹುಡುಕಿ ತೆಗೆಯಬೇಕು. ಇನ್ನು ಕೆಲವೊಮ್ಮೆ ಎಸಿಯ ತಪ್ಪೇ ಇರುವುದಿಲ್ಲ. ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ನಿಂತ ನೀರು, ಸೀಟಿನಡಿ ಮರೆತ ಒದ್ದೆ ಕೊಡೆ, ಪೇಟೆಯಿಂದ ತಂದ ಒಣಮೀನಿನ ಕಟ್ಟು, ಕನ್ನಡಿಗೆ ತೂಗುಹಾಕಿ ಮರೆತ ಮಲ್ಲಿಗೆಯ ಅಟ್ಟೆ, ಇವೆಲ್ಲವೂ ಎಸಿಯ ಗಾಳಿಯಲ್ಲಿಯೇ ತೇಲಿಬರುತ್ತವೆ. ಎಸಿ ಹಾಕದೆ ಕಿಟಕಿ ಮುಚ್ಚಿದಾಗಲೂ ಒಂದೇ ಸಮನೆ ವಾಸನೆಯಿದ್ದರೆ ಮೊದಲು ಇವುಗಳನ್ನು ನೋಡಿ.

ಇನ್ನು ಫಿಲ್ಟರ್. ಗ್ಲೋವ್ ಬಾಕ್ಸನ್ನು ಎರಡೂ ಬದಿಯಿಂದ ಒಳಕ್ಕೆ ಒತ್ತಿ ಕೆಳಗಿಳಿಸಿದರೆ ಹೆಚ್ಚಿನ ಕಾರುಗಳಲ್ಲಿ ಅದರ ಹಿಂದೆ ಪಟ್ಟಿಯಾಕಾರದ ಮುಚ್ಚಳ ಕಾಣುತ್ತದೆ, ಎಸಿ ಫಿಲ್ಟರ್ ಇರುವುದು ಅಲ್ಲಿ. ಕಳೆದ ಜುಲೈಯಲ್ಲಿ ನನ್ನ ಬಳಿ ಬಂದ ಕಾರೊಂದರ ಫಿಲ್ಟರನ್ನು ಎಳೆದಾಗ ಅದರ ಮಡಿಕೆಗಳಲ್ಲಿ ಗುಲ್‌ಮೊಹರಿನ ಸಣ್ಣ ಎಲೆಗಳು ಚಹಾಪುಡಿಯಂತೆ ಕೊಳೆತು ಕುಳಿತಿದ್ದವು. ಒಂದು ಮೂಲೆಯನ್ನು ಇಲಿ ಕಡಿದು ಹತ್ತಿಯಂತೆ ಮಾಡಿತ್ತು. ಹಿಂಡಿದರೆ ಕಂದು ನೀರು ಬಂತು. ಆ ಕಾರಿನ ಒಡೆಯರು ಅಂಥದೊಂದು ವಸ್ತು ಕಾರಿನಲ್ಲಿದೆ ಎಂಬುದನ್ನೇ ತಿಳಿದಿರಲಿಲ್ಲ. ಸಾಮಾನ್ಯವಾಗಿ 10,000ದಿಂದ 15,000 ಕಿಲೋಮೀಟರಿಗೊಮ್ಮೆ ಬದಲಿಸಬೇಕೆನ್ನುತ್ತಾರೆ. ಆದರೆ ವಾರಕ್ಕೊಮ್ಮೆ ಓಡುವ ನಿಮ್ಮ ಕಾರಿಗೆ ಕಿಲೋಮೀಟರಿನ ಲೆಕ್ಕ ಹಿಡಿದರೆ ಮೂರು ಮಳೆಗಾಲ ಕಳೆದರೂ ಸರದಿ ಬರುವುದಿಲ್ಲ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ, ಅಂದರೆ ನವರಾತ್ರಿ ದೀಪಾವಳಿಯ ಹೊತ್ತಿಗೆ, ಹೊಸದನ್ನು ಹಾಕಿಸಿ. ಫಿಲ್ಟರಿನ ಅಂಚಿನಲ್ಲಿ ಗಾಳಿ ಹೋಗುವ ದಿಕ್ಕಿಗೆ ಬಾಣವಿರುತ್ತದೆ, ಅದನ್ನು ನೋಡಿ ಕೂರಿಸಬೇಕು. ಹಳೆಯದನ್ನು ಒಗೆದು ಮತ್ತೆ ಹಾಕುವವರಿದ್ದಾರೆ. ಕಾಗದದಂಥ ಆ ವಸ್ತು ಒಳಗೆ ಒಣಗುವುದೇ ಇಲ್ಲ, ಬೂಷ್ಟನ್ನು ನಾವೇ ಕೊಂಡೊಯ್ದು ಒಳಗಿಟ್ಟಂತಾಗುತ್ತದೆ.

ಕಾಯಿಲನ್ನು ತೊಳೆಯಲು ಅದನ್ನು ಹೊರತೆಗೆಯಲೇಬೇಕೆಂದಿಲ್ಲ. ಎಸಿ ಕಾಯಿಲಿಗೆಂದೇ ತಯಾರಾದ ಫೋಮ್ ಕ್ಲೀನರ್ ಕ್ಯಾನುಗಳು ಉದ್ದನೆಯ ಮೆದು ಕೊಳವೆಯೊಂದಿಗೆ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಫೋಮ್ ಎಲ್ಲಿಂದ ಬಿಡಬೇಕು ಎಂಬುದು ಕಾರಿನ ರಚನೆಯನ್ನು ಅವಲಂಬಿಸುತ್ತದೆ, ಮನೆಯಲ್ಲಿಯೇ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲಿ. ಕೆಲವು ಕಾರುಗಳಲ್ಲಿ ಫಿಲ್ಟರ್ ಬ್ಲೋವರಿಗೂ ಕಾಯಿಲಿಗೂ ನಡುವೆ ಇರುತ್ತದೆ. ಅಲ್ಲಿ ಫಿಲ್ಟರ್ ತೆಗೆದ ಕಿಂಡಿಯಿಂದ ಟಾರ್ಚ್ ಹಾಕಿದರೆ ಕಾಯಿಲಿನ ಮುಖವೇ ಕಾಣುತ್ತದೆ, ಕೊಳವೆಯನ್ನು ಅದರ ಮೈಮೇಲೆ ಆಡಿಸುತ್ತಾ ಸಿಂಪಡಿಸಬಹುದು. ಇನ್ನು ಕೆಲವು ಕಾರುಗಳಲ್ಲಿ ಫಿಲ್ಟರಿನ ಕೆಳಗೆ ಬ್ಲೋವರ್ ಮೋಟರ್ ಇರುತ್ತದೆ. ಅಲ್ಲಿ ಅದೇ ಕಿಂಡಿಯಿಂದ ಫೋಮ್ ಬಿಟ್ಟರೆ ಅದು ಮೋಟರಿನ ಮೇಲೆ ಸುರಿಯುತ್ತದೆ. ಅಂಥ ಕಾರಿನಲ್ಲಿ ನೀರು ಹೊರಹೋಗುವ ಪೈಪಿನಿಂದ ಮೇಲಕ್ಕೆ, ಇಲ್ಲವೇ ಫ್ಯಾನಿನ ವೇಗ ಹೊಂದಿಸುವ ಬ್ಲೋವರ್ ರೆಸಿಸ್ಟರ್ ಬಿಚ್ಚಿದ ಕಿಂಡಿಯಿಂದ ಬಿಡಬೇಕು. ನಿಮ್ಮದು ಯಾವ ಬಗೆಯೆಂದು ಖಚಿತವಿಲ್ಲದಿದ್ದರೆ ಎಸಿ ಮೆಕ್ಯಾನಿಕ್ಕಿನ ಕೈಯಲ್ಲಿಯೇ ಮಾಡಿಸಿ, ಅರ್ಧ ಗಂಟೆಯ ಕೆಲಸ. ಎಂಜಿನ್ನೂ ಬ್ಲೋವರೂ ಬಂದ್ ಇರಬೇಕು. ಕ್ಯಾನಿನ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷ, ಬಿಟ್ಟರೆ ಫೋಮ್ ಕರಗಿ ಪೈಪಿನಿಂದ ಇಳಿಯತೊಡಗುತ್ತದೆ. ಅಡಿಯಲ್ಲೊಂದು ಬಿಳಿ ಬೇಸಿನ್ ಇಟ್ಟು ನೋಡಿ. ಮೊದಲು ಕಾಫಿ ಗಷ್ಟಿನ ಬಣ್ಣದ ನೀರು ಎಳೆ ಎಳೆಯಾದ ಲೋಳೆಯೊಂದಿಗೆ ಬೀಳುತ್ತದೆ, ಆಮೇಲೆ ತಿಳಿಯಾಗುತ್ತದೆ. ಕೊನೆಯವರೆಗೂ ಕಂದಾಗಿಯೇ ಬಂದರೆ ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಮಾಡಿಸಬೇಕಾಗುತ್ತದೆ. ನಂತರ ಎಲ್ಲ ಕಿಟಕಿ ತೆರೆದು ಬ್ಲೋವರನ್ನು ಪೂರ್ಣ ವೇಗದಲ್ಲಿ ಹತ್ತು ನಿಮಿಷ ಓಡಿಸಿ, ಆ ಹೊತ್ತಿನಲ್ಲಿ ಮಗಳನ್ನು ಕಾರಿನ ಹತ್ತಿರ ಬಿಡಬೇಡಿ.

ಕ್ಯಾನಿನ ಬದಲು ಮನೆಯ ಬ್ಲೀಚ್ ದ್ರಾವಣ, ವಿನೆಗರ್ ಅಥವಾ ಫಿನಾಯಿಲ್ ಬಳಸುವ ಯೋಚನೆ ಬಂದರೆ ಬಿಟ್ಟುಬಿಡಿ. ಬ್ಲೀಚೂ ಆಮ್ಲವೂ ಅಲ್ಯೂಮಿನಿಯಮ್ಮನ್ನು ತಿನ್ನುತ್ತವೆ. ಕಾಯಿಲಿನ ಗೋಡೆ ತೂತಾದರೆ ಗ್ಯಾಸ್ ನಿಜವಾಗಿಯೇ ಸೋರತೊಡಗುತ್ತದೆ. ನುಸಿಗುಳಿಗೆಯನ್ನು ಎಸಿ ಕಿಂಡಿಯ ಬಳಿ ಇಡುವವರೂ ಇದ್ದಾರೆ. ಮುಚ್ಚಿದ ಕಾರಿನಲ್ಲಿ ನ್ಯಾಫ್ತಲಿನ್ ಆವಿಯನ್ನು ಉಸಿರಾಡುವುದು ಯಾರಿಗೂ ಒಳ್ಳೆಯದಲ್ಲ, ಮಕ್ಕಳಿಗಂತೂ ಬೇಡವೇ ಬೇಡ. ಓಝೋನ್ ಯಂತ್ರದ ಚಿಕಿತ್ಸೆ ಸೀಟು, ಬಟ್ಟೆಯ ಹೊದಿಕೆಗಳಲ್ಲಿ ಇಳಿದ ವಾಸನೆಯನ್ನು ಕೊಂಚ ತಗ್ಗಿಸಬಹುದು, ಆದರೆ ಕಾಯಿಲಿನ ಮೇಲಿನ ಕೊಳೆಯನ್ನು ಅದು ತೊಳೆಯುವುದಿಲ್ಲ. ಓಝೋನ್ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಮಾಡಿಸಿದರೂ ಕಾರು ಖಾಲಿಯಿದ್ದು ಆಮೇಲೆ ಚೆನ್ನಾಗಿ ಗಾಳಿಯಾಡಬೇಕು. ಪರ್ಫ್ಯೂಮಿನ ಬಗ್ಗೆ ಹೇಳುವುದೇನಿದೆ, ಒದ್ದೆ ಕಾಲುಚೀಲಕ್ಕೆ ಅತ್ತರು ಹಚ್ಚಿದರೆ ಎರಡೂ ವಾಸನೆ ಒಟ್ಟಿಗೆ ಬರುತ್ತವೆ.

ಈಗ ಮಂಜಾದ ಗಾಜಿಗೆ ಬರೋಣ. ಇಳಿಯುವ ಮೊದಲು ಎಸಿ ನಿಲ್ಲಿಸಿ ಫ್ಯಾನ್ ಓಡಿಸಿ ಎಂಬ ಸಲಹೆ ತಪ್ಪಲ್ಲ. ಬಳ್ಳಾರಿಯಲ್ಲಿಯೋ ಕಲಬುರಗಿಯಲ್ಲಿಯೋ ಏಪ್ರಿಲ್ ತಿಂಗಳಲ್ಲಿ ಅದು ಸೊಗಸಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಹೊರಗಿನಿಂದ ಬರುವ ಒಣ ಬಿಸಿ ಗಾಳಿ ಕಾಯಿಲಿನ ನೀರನ್ನು ಕೆಲವೇ ನಿಮಿಷದಲ್ಲಿ ಹೀರಿಕೊಳ್ಳುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ ನಿಮ್ಮ ಉಡುಪಿ ಜಿಲ್ಲೆಯಲ್ಲಿ, ಜುಲೈ ತಿಂಗಳ ಹೊರಗಾಳಿಯೇ ನೀರು ಕುಡಿದು ತುಂಬಿರುತ್ತದೆ. ಅದು ಕಾಯಿಲಿನಿಂದ ಇನ್ನಷ್ಟು ನೀರು ಹೀರಲಾರದು. ಹೀರಿದ ಅಲ್ಪಸ್ವಲ್ಪವನ್ನೂ ತಂದು ತಣ್ಣಗಿರುವ ಗಾಜಿನ ಒಳಮೈಗೆ ಅಂಟಿಸುತ್ತದೆ. ನೀವು ಕಂಡ ಮಂಜು ಕಾಯಿಲಿನಿಂದ ಎದ್ದ ನೀರು. ಅಂದರೆ ಸಲಹೆಯನ್ನು ಸರಿಯಾಗಿಯೇ ಪಾಲಿಸಿದ್ದೀರಿ, ಆದರೆ ಹವೆ ಅದಕ್ಕೆ ಒಗ್ಗುವುದಿಲ್ಲ.

ನಿಮ್ಮ ಕಡೆ ಕಾಯಿಲ್ ಒಣಗಿಸಲು ಶಾಖ ಬೇಕು, ಆ ಶಾಖ ಕಾರಿನಲ್ಲಿಯೇ ಇದೆ. ಕರಾವಳಿಯಲ್ಲಿ ಯಾರೂ ಮುಟ್ಟದ ಹೀಟರ್ ಗುಂಡಿ ಅದು. ಆದರೆ ಹೀಟರನ್ನು ಸುಮ್ಮನೆ ತಿರುಗಿಸಿದರೆ ಸಾಲದು. ಗಾಳಿಯ ದಾರಿಯಲ್ಲಿ ಮೊದಲು ಕಾಯಿಲ್, ಅದರ ನಂತರ ಹೀಟರ್ ಇರುತ್ತದೆ. ಹೊರಗಾಳಿ ತೆಗೆದುಕೊಳ್ಳುವಂತೆ ಇಟ್ಟರೆ ಕಾಯಿಲಿನ ಮೇಲೆ ಹಾಯುವುದು ಅದೇ ಒದ್ದೆ ಗಾಳಿ, ಬಿಸಿಯಾಗುವುದು ಅದನ್ನು ದಾಟಿದ ಮೇಲೆ. ಆದ್ದರಿಂದ ಕಾರಿನ ಚಿತ್ರದೊಳಗೆ ಬಾಣ ಸುತ್ತುವ ಗುಂಡಿಯನ್ನು ಒತ್ತಿ ಒಳಗಾಳಿಯೇ ಸುತ್ತುವಂತೆ ಮಾಡಬೇಕು. ಆಗ ಹೀಟರಿನಿಂದ ಬಿಸಿಯಾದ ಗಾಳಿ ಮತ್ತೆ ಬ್ಲೋವರಿಗೆ ಹೋಗಿ ಕಾಯಿಲಿನ ಮೇಲೆ ಹಾಯುತ್ತದೆ. ಒಳಗಾಳಿಯನ್ನು ಎಳೆದುಕೊಳ್ಳುವ ಬಾಯಿ ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಕೆಳಗೆ, ಎಡಬದಿಯ ಕಾಲಿನ ಹತ್ತಿರ ಇರುವುದರಿಂದ, ಗಾಳಿಯನ್ನು ಮುಖದ ಬದಲು ಕಾಲಿನ ಕಡೆಗೆ ಬಿಟ್ಟರೆ ಬಿಸಿ ಬೇಗ ಹಿಂದಿರುಗುತ್ತದೆ, ಕಾರ್ಪೆಟ್ಟೂ ಜೊತೆಗೆ ಒಣಗುತ್ತದೆ. ಎದ್ದ ಆವಿ ಹೊರಹೋಗಲು ಎರಡು ಕಿಟಕಿಗಳನ್ನು ಬೆರಳಗಲ ಇಳಿಸಿಡಿ.

ಭಾನುವಾರದ ತಿರುಗಾಟ ಮುಗಿಸಿ ಮನೆಗೆ ಬಂದಾಗ ಎಂಜಿನ್ ಹೇಗೂ ಬಿಸಿಯಿರುತ್ತದೆ. ಎಲ್ಲರನ್ನೂ ಇಳಿಸಿ, ಎಸಿ ಬಂದ್ ಮಾಡಿ, ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಿ, ಬ್ಲೋವರ್ ಎರಡು ಅಥವಾ ಮೂರರಲ್ಲಿಟ್ಟು, ಮೇಲೆ ಹೇಳಿದಂತೆ ಹತ್ತು ನಿಮಿಷ ಬಿಡಿ. ಮೊದಲ ಎರಡು ನಿಮಿಷ ಗಾಜು ದಟ್ಟವಾಗಿ ಮಂಜಾಗುತ್ತದೆ, ವಾಸನೆಯೂ ಒಮ್ಮೆ ಜೋರಾಗಿ ಏಳುತ್ತದೆ; ಹೆದರಬೇಡಿ, ಪೆಟ್ಟಿಗೆಯ ನೀರು ಹೊರಬರುತ್ತಿದೆ ಎಂದಷ್ಟೇ ಅದರ ಅರ್ಥ. ಮಂಜು ತಾನಾಗಿ ಕರಗಿ ಗಾಜು ತಿಳಿಯಾದಾಗ ಕೆಲಸ ಮುಗಿದಂತೆ. ಕೊನೆಗೆ ಎರಡು ನಿಮಿಷ ಕಿಟಕಿ ಪೂರ್ತಿ ಇಳಿಸಿ, ಆಮೇಲೆ ಎಂಜಿನ್ ನಿಲ್ಲಿಸಿ. ಇದನ್ನು ಬಯಲಿನಲ್ಲಿಯೇ ಮಾಡಬೇಕು. ಮೂರು ಗೋಡೆಯ ಪೋರ್ಟಿಕೊದಲ್ಲಿಯೂ ಮುಚ್ಚಿದ ಶೆಡ್ಡಿನಲ್ಲಿಯೂ ಎಂಜಿನ್ ಓಡಿಸಿ ನಿಲ್ಲಿಸುವುದು ಅಪಾಯ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದಿನಾ ಓಡುವ ಕಾರಿಗೆ ಈ ವಿಧಿ ಪ್ರತಿ ಸಲ ಬೇಕಿಲ್ಲ. ನಿಮ್ಮದು ಆರು ದಿನ ಒದ್ದೆಯಾಗಿ ನಿಲ್ಲುವ ಕಾರಾದ್ದರಿಂದ ಭಾನುವಾರದ ಆ ಹತ್ತು ನಿಮಿಷ ತಪ್ಪಿಸಬಾರದು. ಕೊಳೆ ತೊಳೆಯದೆ ಬರೀ ಒಣಗಿಸಿದರೂ ಉಪಯೋಗವಿಲ್ಲ. ಮೊದಲು ಫೋಮ್, ಹೊಸ ಫಿಲ್ಟರ್, ಆಮೇಲೆ ಈ ಅಭ್ಯಾಸ.

ಮಳೆಯಲ್ಲಿ ಎಸಿ ಹಾಕಿ ಓಡಿಸುವಾಗ ಬಹುಮಟ್ಟಿಗೆ ಒಳಗಾಳಿಯನ್ನೇ ಇಟ್ಟುಕೊಂಡರೆ ಕಾಯಿಲಿಗೆ ನೀರಿನ ಹೊರೆ ಕಡಿಮೆ, ಒಮ್ಮೆ ಒಣಗಿಸಿದ ಗಾಳಿಯೇ ಮತ್ತೆ ಬರುತ್ತದೆ. ದೂರದ ಪ್ರಯಾಣದಲ್ಲಿ ಮಾತ್ರ ಅರ್ಧ ಗಂಟೆಗೊಮ್ಮೆ ಕೆಲವು ನಿಮಿಷ ಹೊರಗಾಳಿ ಬಿಡಿ, ಇಲ್ಲದಿದ್ದರೆ ನಾಲ್ಕು ಜನರ ಉಸಿರಿನಿಂದ ಗಾಳಿ ಕೆಟ್ಟು ಡ್ರೈವರಿಗೆ ತೂಕಡಿಕೆ ಬರುತ್ತದೆ. ಕಾರು ನಿಲ್ಲಿಸಿಡುವಾಗ ಯಾವುದರಲ್ಲಿಡಬೇಕು ಎಂದು ಕೇಳುವವರಿದ್ದಾರೆ. ಪೆಟ್ಟಿಗೆಗೆ ಗಾಳಿಯಾಡಲು ಹೊರಗಾಳಿಯ ದಾರಿ ತೆರೆದಿರುವುದೇ ಒಳ್ಳೆಯದು. ಆದರೆ ತೆಂಗಿನಕಾಯಿ ರಾಶಿ ಪಕ್ಕದಲ್ಲಿರುವ ಪೋರ್ಟಿಕೊದಲ್ಲಿ ಇಲಿಯ ಕಾಟವಿದ್ದರೆ ನಾನು ಒಳಗಾಳಿಯಲ್ಲಿಟ್ಟು ಆ ದಾರಿ ಮುಚ್ಚುವುದನ್ನೇ ಆರಿಸುತ್ತೇನೆ.

ಮಗಳ ಸೀನಿಗೆ ಬೂಷ್ಟು ಕಾರಣವಾಗಿರಬಹುದು, ಇಲ್ಲದಿರಲೂಬಹುದು. ಅದನ್ನು ಹೇಳಬೇಕಾದವರು ವೈದ್ಯರು, ಮೆಕ್ಯಾನಿಕ್ ಅಲ್ಲ. ಕಾರು ಸರಿಯಾಗುವವರೆಗೆ ಆಕೆಯನ್ನು ಹತ್ತಿಸುವ ಮೊದಲೇ ಎಸಿ ಹಾಕಿ, ಕಿಟಕಿಗಳನ್ನು ತೆರೆದು, ಎರಡು ನಿಮಿಷ ಬ್ಲೋವರನ್ನು ಜೋರಾಗಿ ಓಡಿಸಿದರೆ ಮೊದಲ ಕೆಟ್ಟ ಗಾಳಿ ಹೊರಗೆ ಹೋಗುತ್ತದೆ.

ಎರಡು ಸಲ ಫೋಮ್ ಹಾಕಿ, ಫಿಲ್ಟರ್ ಬದಲಿಸಿ, ನಾಲ್ಕಾರು ವಾರ ಹೀಟರಿನಿಂದ ಒಣಗಿಸಿದ ಮೇಲೂ ವಾಸನೆ ಹಾಗೆಯೇ ಇದ್ದರೆ, ಅಥವಾ ಕಾಯಿಲಿನಲ್ಲಿ ಎಣ್ಣೆಯ ಪಸೆ ಕಂಡು ಸೋರಿಕೆ ಖಚಿತವಾದರೆ, ಇಲ್ಲವೇ ಒಳಗೆ ಇಲಿ ಗೂಡು ಕಟ್ಟಿದ್ದರೆ, ಆಗ ಡ್ಯಾಶ್‌ಬೋರ್ಡ್ ಬಿಚ್ಚಿಸುವುದಕ್ಕೆ ಅರ್ಥವಿದೆ. ಬಿಚ್ಚಿಸುವುದಾದರೆ ಮೊದಲೇ ಕೆಲವು ಮಾತು ಆಡಿಕೊಳ್ಳಿ. ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಂದಕ್ಕೆ ತುಂಬಿಕೊಳ್ಳಬೇಕು, ಏಕೆಂದರೆ ಆರ್-134ಎ ಭೂಮಿಯನ್ನು ಬಿಸಿಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲ. ಬಿಚ್ಚಿದ ಪ್ರತಿ ಜೋಡಣೆಗೂ ಹೊಸ ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ, ಹಾಕಬೇಕು. ಮುಚ್ಚಿದ ಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಹಿಡಿದು, ಅಂದರೆ ಕೊಳವೆಗಳ ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ತುಂಬಬೇಕು. ಗೇಜ್ ನೋಡಿ ಅಂದಾಜಿನಲ್ಲಿ ತುಂಬುತ್ತೇವೆ ಎನ್ನುವವರ ಕೈಗೆ ಕಾರು ಕೊಡಬೇಡಿ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಮ್ಮೆ ಬಿಚ್ಚಿದ ಡ್ಯಾಶ್‌ಬೋರ್ಡ್ ಕೆಟ್ಟ ರಸ್ತೆಯಲ್ಲಿ ಕಟಕಟ ಎನ್ನತೊಡಗುವುದು ಅಪರೂಪವೇನಲ್ಲ.